ನೀರಿಳಿಯದ ಪ್ಯಾಂಟು

ಮನುಷ್ಯನ ಅದೃಷ್ಟ ಹಣೆಯಲ್ಲಿರುತ್ತದೆ ಎನ್ನುವವರು ಮಾರ್ಡ್ಲಿಂಗ್ ಊರಿನ ನೆವಿಲ್ ಥರ್ಟಲ್‌ನನ್ನು ಕಂಡವರಲ್ಲ. ಅವನ ಅದೃಷ್ಟವಿದ್ದದ್ದು ಮೊಣಕಾಲಿನಲ್ಲಿ. ಆ ಮೊಣಕಾಲುಗಳೋ, ಕೊಯ್ಲು ಮುಗಿದಾಗಿನಿಂದ ವಸಂತದವರೆಗೆ ಸದಾ ಒದ್ದೆ.

ವಾರವೆಲ್ಲ ನಾರ್ವಿಚ್ ಪೇಟೆಯ ಕಾರ್ಪೆಟ್ ಅಂಗಡಿಯೊಂದರ ಪರವಾಗಿ ಕಂಡವರ ಮನೆಗಳಲ್ಲಿ ಮಂಡಿಯೂರಿ ನೆಲದ ಅಳತೆ ತೆಗೆಯುವುದು ಅವನ ಉದ್ಯೋಗ. ಭಾನುವಾರ ಬಂತೆಂದರೆ ಲೋಹಶೋಧಕ ಯಂತ್ರವನ್ನು ಹೆಗಲಿಗೇರಿಸಿ, ಕೊಯ್ಲಾದ ಹೊಲಗಳಲ್ಲಿ ಮಂಡಿಯೂರಿ ಅಗೆಯುವುದು ಅವನ ಪರಮಾನಂದ. ಇಷ್ಟು ವರ್ಷಗಳ ಅಗೆತದಲ್ಲಿ ಅವನಿಗೆ ಸಿಕ್ಕಿದ್ದು ಬಿಯರ್ ಡಬ್ಬಿಯ ಉಂಗುರಗಳು, ಟ್ರ್ಯಾಕ್ಟರಿನ ಬೋಲ್ಟುಗಳು, ಒಂದು ಆಟಿಕೆ ಸೈನಿಕನ ಎಡಗಾಲು. ಜೊತೆಯವರಿಗೆಲ್ಲ ರೋಮನ್ ನಾಣ್ಯ, ಬೆಳ್ಳಿ ಗುಂಡಿ, ಸ್ಯಾಕ್ಸನ್ನರ ಪಿನ್ನು. ಹೀಗೇಕೆ ಎಂದು ಯೋಚಿಸಿ ಯೋಚಿಸಿ ನೆವಿಲ್ ಒಂದು ಸಿದ್ಧಾಂತಕ್ಕೆ ಬಂದಿದ್ದ. ಚಿನ್ನ ಸಿಗುವುದು ಸಮಾಧಾನವಾಗಿ ಕೂತು ಅಗೆಯುವವನಿಗೆ. ಮಂಡಿ ತಣ್ಣಗಾದವನು ಬೇಗ ಎದ್ದುಬಿಡುತ್ತಾನೆ. ಅವನು ಎದ್ದ ಜಾಗದ ಕೆಳಗೇ ಚಿನ್ನ ಕೂತು ನಗುತ್ತಿರುತ್ತದೆ. ಈ ಸಿದ್ಧಾಂತವನ್ನು ಒಪ್ಪಿದವರು ಯಾರೂ ಇಲ್ಲ. ಹಾಗೆಂದು ಅದು ಸುಳ್ಳೆಂದು ತೋರಿಸಿದವರೂ ಇಲ್ಲ.

ಅಕ್ಟೋಬರಿನ ಒಂದು ಸಂಜೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಊರಿನ ಲೋಹಶೋಧಕರ ಸಂಘದ ಸಭೆ ಸೇರಿತು. ಸಂಘದ ಅಧ್ಯಕ್ಷ ಟೆರೆನ್ಸ್ ಗೇಜ್ ಪೊಲೀಸ್ ಸಾರ್ಜೆಂಟ್ ಆಗಿ ನಿವೃತ್ತನಾದವನು. ಇಲಾಖೆ ಅವನನ್ನು ಬಿಟ್ಟರೂ ಅವನ ಗಂಟಲು ಇಲಾಖೆಯನ್ನು ಬಿಟ್ಟಿರಲಿಲ್ಲ.

"ಬಾಗಿಲು ಹಾಕ್ರಪ್ಪ!" ಎಂದು ಗುಡುಗಿದ. "ಕ್ಯೂಬಿಟ್ ಅಮ್ಮನವರು ಒಪ್ಪಿದ್ದಾರೆ. ಅವರ ಉದ್ದದ ಹೊಲ! ಇವತ್ತಿನವರೆಗೆ ಒಂದು ಯಂತ್ರಾನೂ ಕಾಲಿಟ್ಟಿಲ್ಲ. ಬಾರ್ಲಿ ಕೊಯ್ದಾಗಿದೆ, ಸೋಮವಾರ ಗೋಧಿ ಬಿತ್ತನೆ. ನಮಗೆ ಸಿಗೋದು ಬರೋ ಭಾನುವಾರ ಒಂದೇ."

ಯಾರೋ ಬಿಯರ್ ಲೋಟವನ್ನು ಗಾಳಿಯಲ್ಲೇ ಮರೆತರು.

"ಒಂದು ಮಾತು. ಹೊಲದ ಹೆಸರು, ನಮ್ಮ ಕೆಲಸದ ಹೆಸರು, ಯಾರ ಬಾಯಲ್ಲೂ ಬರಕೂಡದು. ರಾತ್ರಿ ಬಂದು ಕದ್ದು ಅಗೆಯೋ ಕಳ್ಳರು ಸುತ್ತಮುತ್ತ ತುಂಬಾ ಇದ್ದಾರೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಯಾರೇ ಕೇಳಲಿ, ಬಾಯಿಗೆ ಬೀಗ. ತಿಳೀತಾ?"

"ತಿಳೀತು," ಎಂದಿತು ಸಂಘ. ಎಲ್ಲರಿಗಿಂತ ಜೋರಾಗಿ ನೆವಿಲ್.

ಮನೆಗೆ ಬಂದವನೇ ಅವನು ಹೆಂಡತಿಯ ಮುಂದೆ ಘೋಷಿಸಿದ: "ಗ್ವೆಂಡಾ, ನಾಳೆ ನಾನು ಪ್ಯಾಂಟು ತಗೋತೀನಿ. ನಿಜವಾದ ವಾಟರ್‌ಪ್ರೂಫ್ ಪ್ಯಾಂಟು."

"ದೇವರು ದೊಡ್ಡವನು," ಎಂದಳು ಗ್ವೆಂಡಾ. "ಆ ಕಾರಿನ ಸೀಟಲ್ಲಿ ಅಣಬೆ ಬೆಳೆಯೋದೊಂದು ಬಾಕಿ. ಸೋಫಾ ಮೇಲೆ ನೀನು ಕೂತು ಎದ್ರೆ ಅಂಡಿನ ಅಚ್ಚು ಮೂಡುತ್ತೆ. ಹೋಗಪ್ಪ, ತಗೋ. ಎರಡು ತಗೋ."

ಮರುದಿನ ಬೆಳಗ್ಗೆ ನೆವಿಲ್ ನಾರ್ವಿಚ್‌ನ ಹೊರಾಂಗಣ ಉಡುಪಿನ ಅಂಗಡಿಗೆ ನುಗ್ಗಿದ ಬಗೆಯನ್ನು ನೋಡಿದ್ದರೆ ಯಾರಾದರೂ ಬೆಂಕಿ ಬಿದ್ದಿದೆಯೆಂದುಕೊಳ್ಳುತ್ತಿದ್ದರು. ಒಂದು ಗೋಡೆ ಪೂರ್ತಿ ಪ್ಯಾಂಟು! ಬೆಟ್ಟ ಹತ್ತುವವರದು, ದೋಣಿ ನಡೆಸುವವರದು, ಬೇಟೆಯವರದು, ಬರೀ ನಾಯಿ ತಿರುಗಾಡಿಸುವವರದು. ಅವನ ಕಣ್ಣು ತುಂಬಿ ಬಂತು.

ಅಂಗಡಿಯ ಹುಡುಗಿ ಟ್ಯಾಮ್ಸಿನ್ ಹತ್ತಿರ ಬಂದಳು. "ಯಾವುದಕ್ಕೆ ಬೇಕು ಸರ್? ನಡಿಗೆಗಾ? ಮೀನು ಹಿಡಿಯೋಕಾ?"

ನೆವಿಲ್ ಹಿಂದೆ ಮುಂದೆ ನೋಡಿದ. "ಅದು ಹೇಳೋ ಹಾಗಿಲ್ಲಮ್ಮ."

"ಪರವಾಗಿಲ್ಲ ಸರ್." ಅವಳ ದನಿ ಸಣ್ಣಗಾಯಿತು.

"ಒಟ್ಟಿನಲ್ಲಿ ಒದ್ದೆ ಆಗ್ತೀನಿ. ಸೊಂಟದಿಂದ ಕೆಳಗೆ ಪೂರ್ತಿ. ಕಾರಿನ ಸೀಟು ಹಾಳಾಯ್ತು, ಸೋಫಾ ಹಾಳಾಯ್ತು, ಹೆಂಡತಿಗೆ ಸಾಕಾಗಿಹೋಗಿದೆ. ಬರೋ ಭಾನುವಾರ ಬಹಳ ಜನ ಸೇರ್ತಾರೆ, ಅವತ್ತು ಮಾತ್ರ ಒಂದು ತೊಟ್ಟೂ ದಾಟಬಾರದು."

ಪ್ಯಾಂಟುಗಳ ಸಾಲಿನ ಹಿಂದೆ ಒಂದು ಡೇರೆಯನ್ನು ನೋಟಕ್ಕೆಂದು ಹೂಡಿಟ್ಟಿದ್ದರು. ಅದರಾಚೆ ಉಣ್ಣೆಯ ಕಾಲುಚೀಲ ಆರಿಸುತ್ತಿದ್ದ ಹೆಂಗಸೊಬ್ಬಳ ಕೈ ಅಲ್ಲೇ ನಿಂತಿತು. ಆಕೆ ಪಾಲೀನ್ ಅಟಿಂಗ್. ನೆವಿಲ್‌ನ ಪಕ್ಕದ ಮನೆಯವಳು. ಬಹಳ ಒಳ್ಳೆಯ ಹೆಂಗಸು. ಎಷ್ಟು ಒಳ್ಳೆಯವಳೆಂದರೆ ಇನ್ನೊಬ್ಬರ ಕಷ್ಟ ಕಿವಿಗೆ ಬಿದ್ದರೆ ಅದನ್ನು ಒಬ್ಬಳೇ ಹೊರಲಾರಳು. ಊರಿಗೆಲ್ಲ ಸಮನಾಗಿ ಹಂಚಿದ ಮೇಲೆಯೇ ಅವಳಿಗೆ ನಿದ್ದೆ.

"ಎಷ್ಟು ಹೊತ್ತು ತಡೆಯಬೇಕು ಸರ್?" ಎಂದಳು ಟ್ಯಾಮ್ಸಿನ್.

"ಬೆಳಗ್ಗೆಯಿಂದ ಕತ್ತಲಾಗೋವರೆಗೆ. ಮತ್ತೆ ನೋಡಮ್ಮ, ಸದ್ದು ಮಾಡಬಾರದು. ನಡೆದಾಗ ಸರಬರ ಅಂದ್ರೆ ನಾನು ಕೆಟ್ಟೆ. ಲೋಹದ ಜಿಪ್ಪು, ಗುಂಡಿ ಒಂದೂ ಇರಬಾರದು. ತಟ್ಟಂತ ಮಂಡಿಯೂರೋಕೆ ಆಗಬೇಕು, ಆ ಕ್ಷಣ ಬಂದುಬಿಟ್ರೆ ಕಾಯೋಕಾಗಲ್ಲ."

"ಒಳಗಿನ ತೇವ ಹೊರಗೆ ಹೋಗೋ ಬಟ್ಟೆ ಬೇಕಾ ಸರ್?"

"ಅದೇ ಮುಖ್ಯ!"

ಡೇರೆಯಾಚೆ ಪಾಲೀನ್ ಕಾಲುಚೀಲವನ್ನು ಎದೆಗೊತ್ತಿಕೊಂಡಳು.

ಮುಂದಿನದ್ದೆಲ್ಲ ಬಟ್ಟೆ ಬದಲಿಸುವ ಕೋಣೆಯೊಳಗೆ ನಡೆಯಿತು. ನೆವಿಲ್ ಕೈಗೆ ಸಿಕ್ಕಷ್ಟು ಪ್ಯಾಂಟು ಬಾಚಿಕೊಂಡು ಒಳಹೊಕ್ಕು ಪರದೆ ಎಳೆದ. ಅವನ ಜೇಬಿನಲ್ಲಿ ಕ್ಯಾರೆಟ್ ಗಾತ್ರದ ಕೈಶೋಧಕವಿತ್ತು. ಅಗೆದ ಗುಂಡಿಯೊಳಗೆ ಲೋಹ ಎಲ್ಲಿದೆಯೆಂದು ಚುಚ್ಚಿ ನೋಡುವುದಕ್ಕೆ ಇಟ್ಟುಕೊಂಡದ್ದು. ಮೊದಲನೆಯ ಪ್ಯಾಂಟು ತೊಟ್ಟು ಅದನ್ನು ಮೇಲಿನಿಂದ ಕೆಳಗೆ ಆಡಿಸಿದ. ಸರಿಯಾಗಿ ಮುಂಭಾಗಕ್ಕೆ ಬಂದಾಗ ಅದು "ಕುಂಯ್!" ಎಂದು ಕಿರುಚಿತು. ಲೋಹದ ಜಿಪ್ಪು. ಅದನ್ನು ಬಿಸಾಡಿದ. ಎರಡನೆಯದು ಹೆಜ್ಜೆಗೊಂದು ಸಲ ಚಿಪ್ಸ್ ಪೊಟ್ಟಣ ಹಿಸುಕಿದಂತೆ ಸದ್ದು ಮಾಡಿತು. ಅದನ್ನು ತೊಟ್ಟವನು ಯಂತ್ರದ ಸಣ್ಣ ದನಿ ಕೇಳುವುದಿರಲಿ, ಚರ್ಚಿನ ಗಂಟೆಯನ್ನೂ ಕೇಳಲಾರ. ಮೂರನೆಯದು ಮೀನುಗಾರರ ರಬ್ಬರು. ಅದರೊಳಗೆ ನಿಂತ ಸ್ವಲ್ಪ ಹೊತ್ತಿಗೇ ನೆವಿಲ್ ಆವಿಯಲ್ಲಿ ಬೇಯುವ ಕಡುಬಿನಂತಾದ. ಧೊಪ್ ಎಂದು ಮಂಡಿಯೂರುವುದು, "ಕುಂಯ್" ಎನಿಸುವುದು, "ಇದರಲ್ಲೂ ತಡೆಯೋಕಾಗಲ್ಲ!" ಎಂದು ಕೂಗುವುದು, ಪ್ಯಾಂಟನ್ನು ಪರದೆಯ ಮೇಲಿಂದ ಹೊರಗೆಸೆಯುವುದು. ಅಂಗಡಿಯ ಮಂದಿಯೆಲ್ಲ ದೂರದಲ್ಲಿ ಗುಂಪಾಗಿ ನಿಂತರು.

'ಪಾಪ, ಎಚ್ಚರಿಸೋ ಗಂಟೆ ಬೇರೆ ಕಟ್ಟಿಕೊಂಡಿದ್ದಾನೆ,' ಎಂದುಕೊಂಡ ಪಾಲೀನ್ ಕಣ್ಣೊರೆಸಿಕೊಂಡಳು.

ಕೊನೆಗೆ ಸಿಕ್ಕಿತು. ಬೇಟೆಯವರ ಹಸಿರು ಪ್ಯಾಂಟು. ಹೊರಮೈ ಮೊಲದ ಕಿವಿಯಂತೆ ಮೃದು, ಸದ್ದೇ ಇಲ್ಲ. ಪ್ಲಾಸ್ಟಿಕ್ ಜಿಪ್ಪು, ಮಂಡಿಗೆ ಮೆತ್ತೆ, ಕಾಲಿನ ತುದಿಯಲ್ಲಿ ಬಿಗಿದು ಅಂಟಿಸುವ ಪಟ್ಟಿ. ಕೈಶೋಧಕ ಎಲ್ಲಿ ಆಡಿಸಿದರೂ ಮೌನ. ನೆವಿಲ್ ಪರದೆ ಸರಿಸಿ, ಕಿರೀಟವಿಟ್ಟ ರಾಜನಂತೆ ಹೊರಬಂದು, "ಇದರೊಳಗೆ ನಾನು ಏನು ಮಾಡಿದರೂ ಯಾರಿಗೂ ಗೊತ್ತಾಗಲ್ಲ!" ಎಂದು ಸಾರಿದ.

ಟ್ಯಾಮ್ಸಿನ್ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಪಾಲೀನ್ ಕಾಲುಚೀಲ ಅಲ್ಲೇ ಬಿಟ್ಟು ಮೊದಲ ಬಸ್ಸು ಹಿಡಿದಳು.

ಆದರೂ ಅವಳು ಅವಸರದ ಹೆಂಗಸಲ್ಲ. ವಿಷಯ ಖಚಿತವಾಗದೆ ಹಂಚುವವಳಲ್ಲ. ಹಿತ್ತಲಿನ ಬೇಲಿಯ ಬಳಿ ಗ್ವೆಂಡಾ ಕಾರಿನ ಸೀಟಿನ ಹೊದಿಕೆ ಒಣಹಾಕುತ್ತಿದ್ದಾಗ ಮಾತು ತೆಗೆದಳು.

"ಒಗೆದು ಒಗೆದು ನಿಮ್ಮ ಕೈ ಏನಾಗಿದೆಯೋ ಗ್ವೆಂಡಾ."

"ಅಯ್ಯೋ, ಕೇಳಬೇಡಿ ಪಾಲೀನ್. ಮದುವೆಯಾದಾಗ ಹೀಗಿರಲಿಲ್ಲ ಇವನು. ವಯಸ್ಸಾದ ಮೇಲೆ ಹಿಡಿದ ಚಟ."

"ಚಟ ಅನ್ನಬೇಡಿ, ಪಾಪ! ಅವರ ಕೈಲಿ ಏನಿದೆ?"

"ಕೈಲಿ ಇಲ್ಲದೆ? ಬೇಕು ಬೇಕು ಅಂತಲೇ ಮಾಡೋದು. ತೊಪ್ಪೆಯಾಗಿ ಬಂದು ಬಾಗಿಲಲ್ಲಿ ನಿಂತಾಗ ಮುಖ ನೋಡಬೇಕು ನೀವು, ಎಂಥಾ ಸಂತೋಷ!"

ಪಾಲೀನ್ ಬೇಲಿ ಹಿಡಿದುಕೊಂಡಳು. ಇನ್ನು ತಡಮಾಡುವುದು ನೆರೆಹೊರೆಯ ಧರ್ಮಕ್ಕೇ ಕುಂದು.

ಮಾರನೆಯ ದಿನದಿಂದ ಊರು ನೆವಿಲ್‌ನನ್ನು ನಡೆಸಿಕೊಳ್ಳುವ ರೀತಿಯೇ ಬದಲಾಯಿತು. ಕೆಲಸಕ್ಕೆ ಹೊರಟವನನ್ನು ಬಸ್ ಚಾಲಕ ಹತ್ತಿರ ಕರೆದ. "ಥರ್ಟಲ್, ಮುಂದಿನ ಸೀಟಲ್ಲೇ ಕೂತ್ಕೊ. ದಾರಿಯಲ್ಲಿ ಎಲ್ಲಿ ಬೇಕಾದ್ರೂ ಒಂದು ಕೈ ಎತ್ತು, ನಿಲ್ಲಿಸ್ತೀನಿ. ಒಳ್ಳೊಳ್ಳೆ ಪೊದೆ ಇರೋ ಜಾಗ ನನಗೆ ಗೊತ್ತು."

ನೆವಿಲ್ ಸೀಟಿನ ಕಂಬಿ ಹಿಡಿದುಕೊಂಡ. ಸುದ್ದಿ ಸೋರಿದೆ! ಸಂಘದ ಗುಟ್ಟು ಬಸ್ಸಿನವರೆಗೂ ಬಂದಿದೆ. ಆದರೆ ಮರುಕ್ಷಣ ಇನ್ನೊಂದು ಆಲೋಚನೆ ಹೊಳೆದು ಮೈಯೆಲ್ಲ ಬಿಸಿಯಾಯಿತು. ಊರಿಗೆ ತನ್ನ ಮೇಲೆ ಎಂಥ ನಂಬಿಕೆ! ಬೇರೆ ಯಾರಿಗೂ ಅಗೆಯಲು ಪೊದೆ ತೋರಿಸುತ್ತೇನೆಂದು ಈ ಚಾಲಕ ಹೇಳಿದ್ದುಂಟೇ?

ಚರ್ಚಿನ ಪಾದ್ರಿ ಜಸ್ಟಿನ್ ಸ್ವಾಮಿಗಳು ರಸ್ತೆಯಲ್ಲೇ ತಡೆದು ಒಂದು ತುಕ್ಕು ಹಿಡಿದ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು. "ಹಿಂದಿನ ಬಾಗಿಲದು. ಪ್ರಾರ್ಥನೆಯ ನಡುವೆ ಎದ್ದು ಹೋದರೂ ದೇವರು ಬೇಜಾರು ಮಾಡಿಕೊಳ್ಳಲ್ಲ. ಗೋರಿಗಳ ಕಡೆ ಹೋಗಬೇಡಿ, ಅಷ್ಟೇ."

ಚರ್ಚಿನ ಹಿತ್ತಲು! ಶತಮಾನಗಳಿಂದ ಯಾರೂ ಮುಟ್ಟದ ನೆಲ! ನೆವಿಲ್ ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡ. "ಸ್ವಾಮಿ, ಆದ ಮೇಲೆ ಗುಂಡಿ ಮುಚ್ಚಿ, ಹುಲ್ಲು ತಟ್ಟಿಯೇ ಬರ್ತೀನಿ. ಗುರುತೂ ಸಿಗಲ್ಲ."

ಜಸ್ಟಿನ್ ಸ್ವಾಮಿಗಳು ಸ್ವಲ್ಪ ಹೊತ್ತು ಆಕಾಶ ನೋಡಿದರು. "ಅಷ್ಟೊಂದು... ನಿಮ್ಮ ಅನುಕೂಲ ನೋಡಿಕೊಳ್ಳಿ," ಎಂದು ಹೇಳಿ ಬೇಗ ಬೇಗ ನಡೆದರು.

ಪಬ್ಬಿನಲ್ಲಿ ಪೂರ್ತಿ ಲೋಟ ಕೇಳಿದರೆ ಅರ್ಧ ಲೋಟ ಬಂತು, ಬೆನ್ನು ತಟ್ಟಿದ್ದರ ಜೊತೆಗೆ. ಪಾಲೀನ್ ಮೀನಿನ ಪೈ ಕಳಿಸಿದಳು. ಆಸ್ಪತ್ರೆಯಿಂದ ಫೋನು ಬಂತು: ಐವತ್ತು ದಾಟಿದವರ ಸಾಮಾನ್ಯ ತಪಾಸಣೆ, ನರ್ಸ್ ಬ್ರಿಜೆಟ್ ಕಾಯುತ್ತಿರುತ್ತಾರೆ. ನೆವಿಲ್ ಶಿಳ್ಳೆ ಹಾಕುತ್ತಾ ಹೋದ.

ನರ್ಸ್ ಬ್ರಿಜೆಟ್ ಅನುಭವಸ್ಥೆ. ರಕ್ತದೊತ್ತಡ ನೋಡಿ, ತೂಕ ನೋಡಿ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು.

"ಮಿಸ್ಟರ್ ಥರ್ಟಲ್, ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ. ನಿಮ್ಮ ಆ... ಭಾನುವಾರದ ವಿಷಯ. ಶುರುವಾಗಿ ಎಷ್ಟು ದಿನ ಆಯ್ತು?"

ಇವಳಿಗೂ ಗೊತ್ತಾಗಿದೆ! ಆದರೆ ನರ್ಸಿನ ಹತ್ತಿರ ಮುಚ್ಚಿಡುವುದೆಂತು? "ದಿನ ಏನು ಸಿಸ್ಟರ್, ವರ್ಷಗಳೇ ಆದವು."

"ಇಷ್ಟು ವರ್ಷ ಯಾರಿಗೂ ಹೇಳಲಿಲ್ವಾ?"

"ಹೇಳೋ ಹಾಗಿಲ್ಲ. ನಿಯಮ ಇದೆ."

"ನಾಚಿಕೆಗೆ ನಿಯಮ ಅಂತ ಹೆಸರಿಡಬಾರದು. ಯಾವಾಗ ಜಾಸ್ತಿ?"

"ಮಳೆ ಬಂದು ನೆಲ ಮೆತ್ತಗಾದಾಗ. ಆಗ ನನ್ನ ಹಿಡಿಯೋಕಾಗಲ್ಲ."

"ಬರೋ ಮೊದಲು ಸೂಚನೆ ಏನಾದ್ರೂ ಸಿಗುತ್ತಾ?"

"ಸಿಗದೆ! ಕಿವಿಯಲ್ಲಿ ಕುಂಯ್ ಅನ್ನುತ್ತೆ."

"ಕಿವಿಯಲ್ಲಿ?" ಬ್ರಿಜೆಟ್‌ಳ ಹುಬ್ಬು ಮೇಲೇರಿತು.

"ಎರಡೂ ಕಿವಿಯಲ್ಲಿ. ಆಮೇಲೆ ತಡೆಯೋ ಮಾತೇ ಇಲ್ಲ. ಎಲ್ಲಿದ್ದೀನೋ ಅಲ್ಲೇ ಮಂಡಿಯೂರಿಬಿಡ್ತೀನಿ. ಹೋದ ತಿಂಗಳು ರಸ್ತೆ ಪಕ್ಕದಲ್ಲೇ ಆಯ್ತು, ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದ್ರು."

"ಆಮೇಲೆ ಏನು ಮಾಡಿದ್ರಿ?"

"ಮಾಡೋದೇನು? ಮಣ್ಣು ಮುಚ್ಚಿ, ಕಾಲಲ್ಲಿ ತುಳಿದು ಬಂದೆ."

"ಬೆಕ್ಕಿನ ಹಾಗೆ," ಎಂದಳು ಬ್ರಿಜೆಟ್ ತನಗೆ ತಾನೇ.

"ಹೌದು ನೋಡಿ! ಬೆಕ್ಕಿಗಿಂತ ಅಚ್ಚುಕಟ್ಟು."

ಇಷ್ಟು ವರ್ಷಗಳ ಸೇವೆಯಲ್ಲಿ ಇಂಥ ರೋಗಿಯನ್ನು ಅವಳು ಕಂಡಿರಲಿಲ್ಲ. ಆದರೂ ಧೈರ್ಯಗೆಡದೆ ವ್ಯಾಯಾಮ ಹೇಳಿಕೊಟ್ಟಳು. ಹೊಟ್ಟೆಯ ಕೆಳಗಿನ ಸ್ನಾಯುಗಳನ್ನು ಒಳಕ್ಕೆಳೆದು, ಬಿಗಿಹಿಡಿದು, ನಿಧಾನ ಬಿಡಬೇಕು. ಕೂತಲ್ಲಿ, ನಿಂತಲ್ಲಿ, ಸಿಕ್ಕಾಗಲೆಲ್ಲ. ಮಂಡಿಯೂರುವವರಿಗೆ ಇದು ಒಳ್ಳೆಯದಿರಬೇಕೆಂದು ನೆವಿಲ್ ನಂಬಿ, ಅಂದೇ ಬಸ್ಸಿನಲ್ಲಿ ಶುರುಮಾಡಿದ. ಕೆಂಪಗೆ ಊದಿಕೊಂಡ ಅವನ ಮುಖ ಕಂಡು ಚಾಲಕ ತಾನಾಗಿಯೇ ಪೊದೆಯ ಬಳಿ ಬಸ್ಸು ನಿಲ್ಲಿಸಿದ. ಪ್ರಯಾಣಿಕರೆಲ್ಲ ಗೌರವದಿಂದ ಇನ್ನೊಂದು ಕಡೆಗೆ ಮುಖ ತಿರುಗಿಸಿದರು. ನೆವಿಲ್ ಇಳಿದು, ಪೊದೆಯ ಬುಡದಲ್ಲಿ ಕೈಶೋಧಕ ಆಡಿಸಿ, ಒಂದು ಬಾಟಲಿ ಮುಚ್ಚಳ ಎತ್ತಿಕೊಂಡು, "ಬಹಳ ಉಪಕಾರ ಆಯ್ತು!" ಎಂದು ನಗುತ್ತಾ ಹತ್ತಿದ.

ಭಾನುವಾರದ ಹಿಂದಿನ ಸಂಜೆ ಟೆರೆನ್ಸ್ ಗೇಜ್ ಮನೆಗೆ ಬಂದ. ಗುಡುಗುವ ಮನುಷ್ಯ ಅಂದು ಪಿಸುಗುಟ್ಟುತ್ತಿದ್ದ.

"ನೆವಿಲ್, ನಾಳೆ ನೀನು ಹೊಲಕ್ಕಿಳಿಯೋದು ಬೇಡ ಮಾರಾಯ. ಚಹಾದ ಮೇಜು ನೋಡ್ಕೋ."

"ಚಹಾ?"

"ತಾತ್ಕಾಲಿಕ ಶೌಚಾಲಯ ತರಿಸಿದ್ದೀವಿ. ಅದರ ಪಕ್ಕದಲ್ಲೇ ನಿನ್ನ ಮೇಜು. ನಾವೆಲ್ಲ ಮಾತಾಡ್ಕೊಂಡ್ವಿ. ಯಾರಿಗೂ ಬೇಸರ ಇಲ್ಲ."

"ನನಗಿದೆ!" ನೆವಿಲ್ ಹಸಿರು ಪ್ಯಾಂಟನ್ನು ಎಳೆದು ತೋರಿಸಿದ. "ಪ್ಯಾಂಟು ತಂದಿದ್ದೀನಿ ಟೆರೆನ್ಸ್! ಜೀವಮಾನದಲ್ಲಿ ಒಂದೇ ಸಲ ಸಿಗೋ ಹೊಲ! ನಾನೇನು ತಪ್ಪು ಮಾಡಿದೆ?"

ಟೆರೆನ್ಸ್ ಅವನ ಭುಜದ ಮೇಲೆ ಕೈಯಿಟ್ಟ. ಕಣ್ಣು ತಪ್ಪಿಸಿ ಹೊರಟುಹೋದ. ನೆವಿಲ್ ಹಸಿರು ಪ್ಯಾಂಟನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಬಹಳ ಹೊತ್ತು ಕೂತಿದ್ದ. ಅವನನ್ನು ಯಾಕೆ ಹೊರಗಿಟ್ಟರೆಂದು ಗ್ವೆಂಡಾಗೂ ತಿಳಿಯಲಿಲ್ಲ.

ಭಾನುವಾರ ಬೆಳಗಾಯಿತು. ವಾರವಿಡೀ ಸುರಿದ ಮಳೆ ನಿಂತು ಹೊಲದ ಮೇಲೆ ಮಂಜು ಎದ್ದಿತ್ತು. ಸಂಘದವರೆಲ್ಲ ಸಾಲಾಗಿ ಯಂತ್ರ ಆಡಿಸುತ್ತಾ ಹೊರಟರು. ಕ್ಯೂಬಿಟ್ ಅಮ್ಮ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಜಿಲ್ಲೆಯಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಅಧಿಕಾರಿ ಇಮೋಜನ್ ಲಾರ್ಕ್ ಕೂಡ ಬಂದಿದ್ದಳು. ಗ್ವೆಂಡಾ ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದಳು. ನೆವಿಲ್ ಹಸಿರು ಪ್ಯಾಂಟು ತೊಟ್ಟು, ಶೌಚಾಲಯದ ಪಕ್ಕ, ಚಹಾದ ಹಂಡೆಯ ಹಿಂದೆ ಕೈದಿಯಂತೆ ನಿಂತಿದ್ದ. ದೂರದಿಂದ ಯಾರಾದರೂ "ಸಿಕ್ತು!" ಎಂದು ಕೂಗಿದಾಗಲೆಲ್ಲ ಅವನು ಆ ಕಡೆ ನೋಡುತ್ತಾ ಲೋಟದ ಹೊರಗೆ ಚಹಾ ಸುರಿಯುತ್ತಿದ್ದ.

ಅಷ್ಟರಲ್ಲಿ ಪಾಲೀನ್ ಬಂದು ಒಂದು ಚೀಲವನ್ನು ಅವನ ಕೈಗೆ ತುರುಕಿದಳು.

"ಒಣಗಿದ ಒಂದು ಪ್ಯಾಂಟು, ನನ್ನ ಯಜಮಾನರದು. ಬೇಕಾದ್ರೆ ಅಂತ. ಮೂತ್ರದ ತೊಂದರೆಗೆಲ್ಲ ಈಗಿನ ಕಾಲದಲ್ಲಿ ಔಷಧಿ ಇದೆ ನೆವಿಲ್. ಧೈರ್ಯವಾಗಿರಿ."

ನೆವಿಲ್ ಚೀಲ ನೋಡಿದ. ಪಾಲೀನ್‌ಳನ್ನು ನೋಡಿದ. ಪಕ್ಕದ ಶೌಚಾಲಯ ನೋಡಿದ. ಬಸ್ಸು, ಪೊದೆ, ಬೀಗದ ಕೈ, ಅರ್ಧ ಲೋಟ, ಬೆಕ್ಕು, ಎಲ್ಲವೂ ಒಂದರ ಹಿಂದೊಂದು ಅವನ ತಲೆಯೊಳಗೆ ಬಂದು ನಿಂತವು.

"ಮೂತ್ರ ಅಲ್ಲ!" ಎಂದು ಕಿರುಚಿದ. ಮಂಜಿನಲ್ಲಿ ಆ ಮಾತು ಹೊಲದ ಆ ತುದಿಯವರೆಗೆ ಹೋಯಿತು. "ಅದು ಮಣ್ಣಿನ ನೀರು! ಮಳೆ ನೀರು! ನನಗೇನೂ ಆಗಿಲ್ಲ!"

"ಎಲ್ಲರೂ ಮೊದಲು ಹಾಗೇ ಹೇಳೋದು," ಎಂದಳು ಪಾಲೀನ್ ಅಕ್ಕರೆಯಿಂದ.

ಗ್ವೆಂಡಾಳ ಕೈಯಿಂದ ಚಾಕು ಜಾರಿತು. ನೆವಿಲ್ ಕಾರಿಗೆ ಓಡಿ ಯಂತ್ರ, ಗುದ್ದಲಿ ಎಳೆದುಕೊಂಡ. ಕಾಲಿನ ಪಟ್ಟಿಗಳನ್ನು ಬೂಟಿನ ಮೇಲೆ ಬಿಗಿದ. ಟೆರೆನ್ಸ್ "ನಿಲ್ಲು!" ಎಂದು ಕೂಗುತ್ತಿದ್ದಂತೆಯೇ ಅವನು ಹೊಲ ಸೀಳಿಕೊಂಡು ನಡೆದ, ನೇರವಾಗಿ ತಗ್ಗಿನ ಮೂಲೆಗೆ. ಅಲ್ಲಿ ಕಣಕಾಲು ಮುಳುಗುವಷ್ಟು ನೀರು ನಿಂತಿತ್ತು. ಒಣಮಂಡಿಯ ಆಸೆಯುಳ್ಳ ಯಾರೂ ಆ ಕಡೆ ಸುಳಿದಿರಲಿಲ್ಲ.

ನೆವಿಲ್ ಆ ನೀರಿನಲ್ಲಿ ಮಂಡಿಯೂರಿದ.

ಏನೂ ಆಗಲಿಲ್ಲ! ಬೆಚ್ಚಗೆ! ಒಂದು ತೊಟ್ಟು ಒಳಗಿಳಿಯಲಿಲ್ಲ. ಎದ್ದು ಇನ್ನೊಂದು ಕಡೆ ಊರಿದ. ಬೆಚ್ಚಗೆ! ಅವಮಾನ, ಸಿಟ್ಟು, ಎಲ್ಲ ಮರೆತುಹೋಗಿ ಅವನು ಮಳೆಗಾಲದ ಬಾತುಕೋಳಿಯಂತೆ ಆ ಮೂಲೆಯೆಲ್ಲ ಓಡಾಡಿದ. ಸರಬರ ಸದ್ದಿಲ್ಲ, ಆದ್ದರಿಂದ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಯಂತ್ರದ ಸಣ್ಣ ಉಸಿರೂ ಕೇಳುತ್ತಿತ್ತು. ಬೋಲ್ಟು, ಬಿಟ್ಟ. ಡಬ್ಬಿ, ಬಿಟ್ಟ. ಆಮೇಲೆ ಅಂಚಿನ ಹತ್ತಿರ ದುಂಡಗಿನ, ತಿಳಿಯಾದ, ಸಿಹಿಯಾದ ಒಂದು ದನಿ.

ಕೂತ. ಅಗೆದ. ನೀರು ತುಂಬಿಕೊಂಡಿತು, ಕೈಯಲ್ಲಿ ಎತ್ತಿ ಚೆಲ್ಲಿದ. ಮೊದಲಾಗಿದ್ದರೆ ಎದ್ದುಬಿಡುತ್ತಿದ್ದ, ಈಗ ಕೂತೇ ಇದ್ದ. ಮೊಣಕೈವರೆಗೆ ಕೈಯಿಳಿಸಿ ಹಿಡಿ ಕೆಸರು ಮೇಲೆತ್ತಿ, ಹೆಬ್ಬೆರಳಿನಿಂದ ಒರೆಸಿದ. ಒಂದು ಹಳದಿ ನಾಣ್ಯ. ಚಿನ್ನಕ್ಕೆ ತುಕ್ಕಿಲ್ಲ, ನಿನ್ನೆ ಯಾರೋ ಬೀಳಿಸಿದಂತೆ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಕುದುರೆ, ಕೂದಲು ಹಾರಿಸಿಕೊಂಡು ಓಡುತ್ತಿತ್ತು.

"ಗ್ವೆಂಡಾ!" ಎಂದು ಕೂಗಿ ನೆವಿಲ್ ಎದ್ದು ಒಂದು ಹೆಜ್ಜೆ ಹಿಂದಿಟ್ಟ.

ಹಿಂದೆ ಹೊಲ ಇರಲಿಲ್ಲ. ಹಿಂದಿನ ಕಾಲದವರು ಸುಣ್ಣಮಣ್ಣು ತೆಗೆದು ಬಿಟ್ಟ ಹೊಂಡವಿತ್ತು, ಅದರ ತುಂಬ ಜೊಂಡು. ಜನ ಕಂಡದ್ದು ಇಷ್ಟೇ: ನೆವಿಲ್ ಇದ್ದ, ನೆವಿಲ್ ಇಲ್ಲ. ಮುಷ್ಟಿ ಕಟ್ಟಿದ ಒಂದು ಕೈ ಮಾತ್ರ ನೀರಿನ ಮೇಲೆ ನೆಟ್ಟಗೆ ನಿಂತಿದೆ.

ಎದೆಮಟ್ಟದ ನೀರು. ಅವನು ಜೊಂಡು ಹಿಡಿದು ಹೇಗೋ ಮೇಲೆ ಬಂದ. ಆದರೆ ಒಂದು ವಿಷಯವನ್ನು ಟ್ಯಾಮ್ಸಿನ್ ಅವನಿಗೆ ಹೇಳಿರಲಿಲ್ಲ. ಹೊರಗಿನ ನೀರನ್ನು ಒಳಗೆ ಬಿಡದ ಪ್ಯಾಂಟು, ಸೊಂಟದ ಮೇಲಿಂದ ಒಳಗೆ ಹೊಕ್ಕ ನೀರನ್ನು ಹೊರಗೂ ಬಿಡುವುದಿಲ್ಲ. ಕಾಲಿನ ಪಟ್ಟಿ ಅಷ್ಟು ಬಿಗಿ. ಎರಡು ದೊಡ್ಡ ಹಸಿರು ಕುಂಬಳಕಾಯಿಗಳ ಮೇಲೆ ಕೂತಂತೆ ನೆವಿಲ್ ಹೊಲದಲ್ಲಿ ಅಡಿಯಿಡುತ್ತಾ ಬಂದ, ಗುಳು ಗುಳು ಸದ್ದಿನೊಂದಿಗೆ, ಕೈ ಮೇಲೆತ್ತಿಕೊಂಡು. ಎಲ್ಲರೂ ಓಡಿಬಂದು ಸುತ್ತುಗಟ್ಟಿದರು. ಅವನ ಕೈಯನ್ನು ಒಬ್ಬರೂ ನೋಡಲಿಲ್ಲ.

"ಸಿಕ್ತು!" ಎಂದ ನೆವಿಲ್.

"ಮೊದಲು ಪಟ್ಟಿ ಬಿಚ್ಚು ಮಾರಾಯ," ಎಂದ ಟೆರೆನ್ಸ್ ನೋವಿನಿಂದ.

ನೆವಿಲ್ ಬಗ್ಗಿ ಪಟ್ಟಿ ಎಳೆದ. ಅಣೆಕಟ್ಟಿನ ಬಾಗಿಲು ತೆಗೆದಂತಾಯಿತು. ನೀರು ಸುರಿಯಿತು, ಸುರಿಯಿತು, ಸುರಿಯುತ್ತಲೇ ಇತ್ತು. ಜನ ಹಿಂದೆ ಸರಿದರು. ಪಾಲೀನ್ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡುತ್ತಾ, "ದೇವರೇ, ಇಷ್ಟೊಂದಾ!" ಎಂದಳು.

ಕೊನೆಯದಾಗಿ ಬಲಗಾಲಿನಿಂದ ಒಂದು ಕಪ್ಪೆ ಬಿತ್ತು. ಸುತ್ತ ನೆರೆದ ಸಭೆಯನ್ನು ಒಮ್ಮೆ ನೋಡಿ, ಕುಪ್ಪಳಿಸಿ ಹೋಯಿತು.

ಮೊದಲು ಬಾಯಿಬಿಟ್ಟವಳು ಗೇಟಿನಿಂದ ಕೋಲೂರಿಕೊಂಡು ಬಂದಿದ್ದ ಕ್ಯೂಬಿಟ್ ಅಮ್ಮ. "ಅದು ನನ್ನ ಹೊಂಡದ ಕಪ್ಪೆ. ಅವನ ಹೊಟ್ಟೆಯದಲ್ಲ. ಕಣ್ಣು ಕಾಣಲ್ವಾ ನಿಮಗೆಲ್ಲ?"

ಗ್ವೆಂಡಾ ಅಲ್ಲೇ ಬಾರ್ಲಿ ಕೂಳೆಯ ಮೇಲೆ ಕೂತು ನಗತೊಡಗಿದಳು. ಬೇಲಿಯ ಬಳಿ ತಾನಾಡಿದ ಮಾತು ಈಗ ಅವಳಿಗೆ ನೆನಪಾಗಿತ್ತು. ನಗುತ್ತಾ ನಗುತ್ತಾ ಕಣ್ಣೀರು ಸುರಿಸಿದಳು, ಪಾಲೀನ್ ಕಡೆ ಬೆರಳು ತೋರಿಸಿದಳು, ಮತ್ತೆ ನಕ್ಕಳು. ಆಮೇಲಷ್ಟೇ ಇಮೋಜನ್ ಲಾರ್ಕ್ ನೆವಿಲ್‌ನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದ್ದು. ನಾಣ್ಯವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ರೋಮನ್ನರು ಈ ನೆಲಕ್ಕೆ ಬರೋದಕ್ಕೂ ಮುಂಚಿನದು," ಎಂದಳು. "ಮಿಸ್ಟರ್ ಥರ್ಟಲ್, ನಿಮಗಿಂತ ಮುಂಚೆ ಇದನ್ನ ಮುಟ್ಟಿದವರು ಯಾರೋ, ಎರಡು ಸಾವಿರ ವರ್ಷದ ಹಿಂದೆ!"

ಸಂಘಕ್ಕೆ ಸಂಘವೇ ಹುಯಿಲೆಬ್ಬಿಸಿತು. ನೆವಿಲ್‌ನನ್ನು ಎತ್ತಲು ಹೋದವರು, ಅವನಿಂದ ಇನ್ನೂ ನೀರು ಸೋರುತ್ತಿದ್ದುದನ್ನು ಕಂಡು, ಕೈ ಕುಲುಕಿ ಸುಮ್ಮನಾದರು. ತಗ್ಗಿನ ಮೂಲೆಗೆ ಎಲ್ಲರೂ ಮಂಡಿಯ ಆಸೆ ಬಿಟ್ಟು ಓಡಿದರು. ಅಂದು ಕತ್ತಲಾಗುವ ಹೊತ್ತಿಗೆ ಮಾರ್ಡ್ಲಿಂಗ್‌ನಲ್ಲಿ ಸೊಂಟದಿಂದ ಕೆಳಗೆ ಒಣಗಿದ್ದ ಗಂಡಸೇ ಇರಲಿಲ್ಲ.

ವಾರದ ಸಭೆಯಲ್ಲಿ ನೆವಿಲ್‌ಗೆ ಸನ್ಮಾನವೆಂದು ನಿಶ್ಚಯವಾಯಿತು. ಸನ್ಮಾನದ ಜೊತೆ ಒಂದು ಪ್ರಕಟಣೆ: ಊರಿಗೆ ಊರೇ ತಪ್ಪು ತಿಳಿದಿತ್ತು, ಥರ್ಟಲ್‌ಗೆ ಯಾವ ಕಾಯಿಲೆಯೂ ಇಲ್ಲ ಎಂದು ಅಧ್ಯಕ್ಷರೇ ಸಾರುವುದು. ನೆವಿಲ್ ಆ ಮಾತಿಗಾಗಿ ಚಿನ್ನಕ್ಕಿಂತ ಹೆಚ್ಚು ಕಾದಿದ್ದ.

ಸಭೆಯ ದಿನ ಸಂಜೆ ಅವನ ಮನೆಯ ಹಿಂಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಟೆರೆನ್ಸ್ ಗೇಜ್. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ನೆವಿಲ್. ಆ ನರ್ಸು... ನಿನಗೇನೋ ವ್ಯಾಯಾಮ ಹೇಳಿಕೊಟ್ಟಳಂತಲ್ಲ."

"ಹೌದು. ನನಗೇನೂ ಅದು ಬೇಕಿರಲಿಲ್ಲ ಬಿಡು."

"ಗೊತ್ತು. ಗೊತ್ತು." ಟೆರೆನ್ಸ್ ಗೋಡೆಯ ಕಡೆ ನೋಡಿದ. "ಅದು ಕೆಲಸ ಮಾಡುತ್ತಾ?"

ನೆವಿಲ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಯಾವತ್ತೂ ಸ್ವಲ್ಪ ನಿಧಾನ. ಹೊಲಗಳಿಗೆ ಹೋದಾಗ ಟೆರೆನ್ಸ್ ಗೇಟಿನಿಂದ ದೂರ ಹೋಗದಿರುವುದು, ಸಭೆಯನ್ನು ತಟ್ಟನೆ ಮುಗಿಸುವುದು, ಶೌಚಾಲಯ ತರಿಸಿದ್ದು, ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ಅಷ್ಟು ದೊಡ್ಡ ಗಂಟಲಿನ ಮನುಷ್ಯ, ಈ ಒಂದು ಮಾತಿಗೆ ದನಿಯೇ ಇಲ್ಲ.

"ಹೆಂಡತಿಗೂ ಹೇಳಿಲ್ಲ," ಎಂದ ಟೆರೆನ್ಸ್. "ನಿನ್ನ ಸುದ್ದಿ ಕೇಳಿದಾಗ, ತಪ್ಪು ತಿಳೀಬೇಡ, ನನಗೆ ಒಂಥರಾ ಸಮಾಧಾನ ಆಗಿತ್ತು ಮಾರಾಯ. ನಾನೊಬ್ಬನೇ ಅಲ್ಲ ಅಂತ. ಆಮೇಲೆ ಆ ಕಪ್ಪೆ ಬಿತ್ತು."

ಅಂದಿನ ಸಭೆಯಲ್ಲಿ ಕೋಣೆ ತುಂಬಿತ್ತು. ಟೆರೆನ್ಸ್ ಎದ್ದು ಗಂಟಲು ಸರಿಮಾಡಿಕೊಂಡ. "ಒಂದು ತಪ್ಪು ಮಾತು ಊರಲ್ಲಿ ಹಬ್ಬಿತ್ತು. ನಮ್ಮ ನೆವಿಲ್‌ಗೆ..."

"ತಪ್ಪೇನಿಲ್ಲ," ಎಂದು ನೆವಿಲ್ ಎದ್ದು ನಿಂತ. ಏಳಬೇಕೆಂದು ಅವನೇ ಅಂದುಕೊಂಡಿರಲಿಲ್ಲ. ಕಾಲು ತಾನಾಗಿ ಎದ್ದಿತ್ತು. "ಕಪ್ಪೆ ಹೊಂಡದ್ದು. ಅದರ ಹಿಂದಿನದು ನನ್ನದೇ. ಇತ್ತು ನನಗೆ ತೊಂದರೆ. ಬ್ರಿಜೆಟ್ ಸಿಸ್ಟರ್ ಹತ್ರ ಹೋದೆ, ಸರಿಹೋಗ್ತಾ ಇದೆ. ಹೇಳ್ಕೊಳ್ಳೋಕೆ ನಾಚಿಕೆ ಪಟ್ಟು ವರ್ಷ ಕಳೆದದ್ದೇ ದಡ್ಡತನ. ಯಾರಿಗಾದ್ರೂ ಬೇಕಿದ್ರೆ ಬುಧವಾರ ಬೆಳಗ್ಗೆ ಅವರು ಇರ್ತಾರೆ. ನಾನೂ ಹೋಗೋನಿದ್ದೀನಿ."

ಹೇಳಿ ಕೂತ. ಗ್ವೆಂಡಾ ಬೆರಗಾಗಿ ಅವನನ್ನು ನೋಡಿದಳು. ಆಮೇಲೆ ಟೆರೆನ್ಸ್ ಮುಖ ನೋಡಿದಳು. ಏನೂ ಕೇಳದೆ ಗಂಡನ ಕೈಯನ್ನು ಮೇಜಿನ ಕೆಳಗೆ ಹಿಡಿದುಕೊಂಡಳು. ಕೋಣೆಯಲ್ಲಿ ಯಾರೂ ನಗಲಿಲ್ಲ. ಗಂಡಸರೆಲ್ಲ ತಮ್ಮ ತಮ್ಮ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕಿ ನೋಡುತ್ತಿದ್ದರು.

ಬುಧವಾರ ನೆವಿಲ್ ಟೆರೆನ್ಸ್‌ನನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋದ. ಕಾಯುವ ಕೋಣೆಯ ಬಾಗಿಲು ತಳ್ಳಿದವರು ಅಲ್ಲೇ ನಿಂತರು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅರ್ಧ ಸಂಘ ಅಲ್ಲೇ ಇತ್ತು. ಬಸ್ ಚಾಲಕ ಇದ್ದ. ಮೂಲೆಯಲ್ಲಿ ತಲೆಕೆಳಗಾಗಿ ಹಿಡಿದ ಪತ್ರಿಕೆಯ ಹಿಂದೆ ಜಸ್ಟಿನ್ ಸ್ವಾಮಿಗಳಿದ್ದರು.

"ಕಿವಿನೋವು," ಎಂದ ಒಬ್ಬ, ಯಾರೂ ಕೇಳದಿದ್ದರೂ.

"ನನಗೂ ಕಿವಿಯೇ," ಎಂದ ಪಕ್ಕದವನು.

"ಕಿವಿ ಬಹಳ ಜನಕ್ಕೆ ಬರ್ತಾ ಇದೆ ಈಗ," ಎಂದಿತು ಪತ್ರಿಕೆ.

ಒಳಬಾಗಿಲು ತೆರೆಯಿತು. ನರ್ಸ್ ಬ್ರಿಜೆಟ್ ಹೊರಗಿಣುಕಿ, ಇಷ್ಟು ಜನರನ್ನು ಕಂಡು ಬೆಚ್ಚಿ, "ಯಾರು ಮೊದಲು ಬರ್ತೀರಿ?" ಎಂದಳು.

ಎಲ್ಲರೂ ಚಾವಣಿ ನೋಡಿದರು. ಟೆರೆನ್ಸ್ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದ. ನೆವಿಲ್ ಅವನ ತೋಳು ಹಿಡಿದು ನಿಲ್ಲಿಸಿ, ಅಂಗಿ ಸರಿಮಾಡಿಕೊಂಡು, ಯಾವ ತೊಂದರೆಯೂ ಇಲ್ಲದ ಆ ಮನುಷ್ಯ, ಎಲ್ಲರಿಗಿಂತ ಮೊದಲು ಒಳಗೆ ಹೋದ.